ಬೀಜಕ್ಕೆ ಬಿಟ್ಟ ಹೀರೆ

"ಅಮ್ಮಾ, ಬಳ್ಳಿ ಸತ್ತೋಗಿದೆ ಅಂತ ಈಶ್ವರಮ್ಮಜ್ಜಿ ತಾತಂಗೆ ಯಾಕೆ ಹೇಳಲ್ಲ?"

ಹಿತ್ತಿಲ ಮೆಟ್ಟಿಲ ಮೇಲೆ ಕೂತು ಮೊಸರನ್ನ ತಿನ್ನುತ್ತಿದ್ದ ಕವನ ಕೇಳಿದಳು. ತಂತಿಬೇಲಿಯ ಆಚೆ ಗೋವಿಂದಯ್ಯನವರು ಬಿಂದಿಗೆ ಇಳಿಸಿ, ನೀರಿಗೆ ಕೈ ಅದ್ದಿ ನೋಡಿ, ಚೆಂಬು ಚೆಂಬಾಗಿ ಒಣಗಿದ ಹೀರೆಬಳ್ಳಿಯ ಬುಡಕ್ಕೆ ಹಾಕುತ್ತಿದ್ದರು. ಅವರ ಹೆಂಡತಿ ಈಶ್ವರಮ್ಮ ಬಚ್ಚಲ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಮಗುವಿಗೆ ನಾನೇನು ಹೇಳಲಿ? "ತಿನ್ನು, ಆರಿಹೋಗುತ್ತೆ" ಅಂದೆ. ಮೊಸರನ್ನ ಆರುವುದೇನು ಬಂತು.

ಭದ್ರಾವತಿ ನ್ಯೂಟೌನಿನ ಈ ಕ್ವಾರ್ಟರ್ಸಿಗೆ ನಾನು ಮದುವೆಯಾಗಿ ಬಂದಾಗ ಮೊದಲು ಪರಿಚಯವಾದದ್ದು ಈಶ್ವರಮ್ಮನವರ ಹಿತ್ತಿಲು, ಆಮೇಲೆ ಈಶ್ವರಮ್ಮ. ಬಸಳೆ, ಹರಿವೆ, ಬದನೆ, ಮೆಣಸು, ಮೂಲೆಗೊಂದು ನುಗ್ಗೆ. ನನ್ನ ಬಾಣಂತನದಲ್ಲಿ ಬೇಲಿ ಮೇಲಿಂದ ಸೊಪ್ಪು ಬರದ ದಿನವಿಲ್ಲ. ಸೊಪ್ಪಿನ ಜೊತೆಗೆ ಬೈಗುಳವೂ ಬರುತ್ತಿತ್ತು. "ಅಷ್ಟು ಜಾಗ ಇಟ್ಕೊಂಡು ಬಟ್ಟೆ ಒಣಗಿಸ್ತೀಯಲ್ಲೇ ಮಾರಾಯ್ತಿ! ಮಣ್ಣು ನಿನಗೇನು ಕಚ್ಚುತ್ತಾ?"

ಮಳೆಗಾಲದಲ್ಲಿ ಯಾರು ಬೇಕಾದರೂ ಹಿತ್ತಿಲು ಮಾಡುತ್ತಾರೆ. ಬೇಸಿಗೆಯಲ್ಲಿ ಮಾಡುತ್ತಿದ್ದವರು ಇಡೀ ಸಾಲಿನಲ್ಲಿ ಅವರೊಬ್ಬರೇ. ಮಾರ್ಚ್ ಕಳೆದರೆ ಅವರ ಹಿತ್ತಿಲ ಅಂಚಿನ, ನಾಲ್ಕಾರು ಮನೆಗೆ ಒಂದೇ ಆದ ನಲ್ಲಿಯಲ್ಲಿ ನೀರಿಗೆ ಹೊತ್ತುಗೊತ್ತಿಲ್ಲ. ಈಶ್ವರಮ್ಮನ ಮನೆಯಲ್ಲಿ ಒಂದು ತೊಟ್ಟು ನೀರು ಎರಡು ಕೆಲಸ ಮಾಡದೆ ನೆಲ ಸೇರುತ್ತಿರಲಿಲ್ಲ. ಅಕ್ಕಿ ತೊಳೆದದ್ದು ಮೆಣಸಿನ ಗಿಡಕ್ಕೆ, ಸ್ನಾನದ್ದು ಬಸಳೆಗೆ. ಬದನೆಯ ಬುಡಕ್ಕೆ ತೆಂಗಿನ ಸಿಪ್ಪೆ ಮುಚ್ಚಿ, ಎಳೆಯ ಗಿಡಗಳ ಮೇಲೆ ಹಳೇ ಸೀರೆಯ ನೆರಳು ಕಟ್ಟುತ್ತಿದ್ದರು. ಮೇವಿಲ್ಲದ ಬೀಡಾಡಿ ದನಗಳು ಬೇಲಿಗೆ ಮೂತಿ ಇಟ್ಟರೆ ಒಳಗಿಂದಲೇ ಕೂಗು. ಬೆಳಿಗ್ಗೆ ಎಲೆಯ ತೇವ ಆರುವ ಮುಂಚೆ ಬೂದಿಯನ್ನು ಬಟ್ಟೆಯಲ್ಲಿ ಕಟ್ಟಿ ಹುಳದ ಮೇಲೆ ಉದುರಿಸುತ್ತಿದ್ದರು. ಅವರ ಸೆರಗಿಗೆ ಯಾವಾಗಲೂ ಬೂದಿಯ ವಾಸನೆ.

ಗೋವಿಂದಯ್ಯನವರು ಫ್ಯಾಕ್ಟರಿಯಲ್ಲಿ ಮೂರು ಶಿಫ್ಟಿನ ಮನುಷ್ಯ. ಬರುವುದು, ಉಣ್ಣುವುದು, ಮಲಗುವುದು. ತಟ್ಟೆಗೆ ಬಿದ್ದ ಪಲ್ಯ ಯಾವ ಮೂಲೆಯಿಂದ ಬಂತು ಅಂತ ಅವರು ಕೇಳಿದವರಲ್ಲ. ಕೆಟ್ಟವರಲ್ಲ. ಹಿತ್ತಿಲ ಬಾಗಿಲು ದಾಟಿದವರಲ್ಲ, ಅಷ್ಟೆ.

ಎಲ್ಲದಕ್ಕಿಂತ ಹೆಚ್ಚಿನದು ಆ ಹೀರೆ. ಈಶ್ವರಮ್ಮನವರ ತವರು ಚನ್ನಗಿರಿ ಕಡೆಯ ಹಳ್ಳಿ. ಮದುವೆಯಲ್ಲಿ ಅವರ ತಾಯಿ ಮಡಿಲಕ್ಕಿಯ ಜೊತೆ ಹೀರೆಬೀಜ ಗಂಟು ಕಟ್ಟಿ ಕೊಟ್ಟಿದ್ದರಂತೆ. ಗಿಡ್ಡ ಕಾಯಿ, ಏಣು ತೀರಾ ಮೆತ್ತಗೆ, ಸಿಪ್ಪೆಯನ್ನೂ ಚಟ್ನಿ ಮಾಡಬಹುದು. ಈಗ ತವರಲ್ಲಿ ಅದಿಲ್ಲ. ತಮ್ಮಂದಿರು ಹಿತ್ತಿಲಿಗೂ ಅಡಿಕೆ ಸಸಿ ಇಟ್ಟುಬಿಟ್ಟರು. ನಮ್ಮ ಸಾಲಿನಲ್ಲಿ ಬೀಜ ಪಡೆಯದ ಮನೆಯಿಲ್ಲ. ಆದರೆ ಎಲ್ಲರೂ ಕಾಯಿ ತಿಂದೆವು, ಬೀಜಕ್ಕೆ ಯಾರೂ ಬಿಡಲಿಲ್ಲ. ಬಿಡುತ್ತಿದ್ದವರು ಅವರೊಬ್ಬರೇ. ಪ್ರತಿ ವರ್ಷ ಒಳ್ಳೆಯ ಕಾಯಿಗೆ ಕೆಂಪು ಚಿಂದಿ ಕಟ್ಟುತ್ತಿದ್ದರು. ಇದು ಬೀಜಕ್ಕೆ, ಯಾರೂ ಮುಟ್ಟಬಾರದು ಅಂತ. ಬಳ್ಳಿಯಲ್ಲೇ ಒಣಗಿ ಅಲ್ಲಾಡಿಸಿದರೆ ಗಿಲಿಗಿಲಿ ಅಂದಮೇಲೆ ಒಡೆದು, ಬೀಜವನ್ನು ಸಗಣಿಯಲ್ಲಿ ಒತ್ತಿ ಬಚ್ಚಲ ಗೋಡೆಗೆ ಮೆತ್ತುತ್ತಿದ್ದರು.

ಈ ವರ್ಷ ಗೋಡೆಯಲ್ಲಿದ್ದ ಬೀಜವನ್ನೆಲ್ಲ ಹಾಕಿದರು. ಕೆಲವನ್ನು ದನ ತಿಂದವು, ಉಳಿದವು ಬಿಸಿಲಿಗೆ ಸೊರಗಿದವು. ಒಂದೇ ಬಳ್ಳಿ ಚಪ್ಪರ ಹತ್ತಿತು. ಅದರ ಮೊದಲ ಕಾಯಿಗೇ ಚಿಂದಿ ಕಟ್ಟಿದರು. ಏಪ್ರಿಲ್ ಕೊನೆಗೆ ಗೋವಿಂದಯ್ಯ ರಿಟೈರ್ ಆದರು. ಮೇ ಮುಗಿಯುವುದರೊಳಗೆ ಕ್ವಾರ್ಟರ್ಸ್ ಬಿಟ್ಟು ಶಿವಮೊಗ್ಗದ ಗೋಪಾಳದಲ್ಲಿರುವ ಮಗ ಯೋಗರಾಜನ ಮನೆಗೆ ಹೋಗಬೇಕು.

"ಅಷ್ಟರಲ್ಲಿ ಕಾಯಿ ಬಲೀಬೇಕು ಕಣೇ" ಅಂತ ದಿನಕ್ಕೊಮ್ಮೆ ಹೇಳುತ್ತಿದ್ದರು. "ಇನ್ನೊಂದೆರಡು ವಾರ. ಬಲಿತರೆ ಬೀಜ, ಇಲ್ಲದಿದ್ರೆ ನಮ್ಮವ್ವನ ಹೀರೆ ಇಲ್ಲಿಗೆ ಮುಗೀತು."

ನಲ್ಲಿ ಹತ್ತಿರ ಸಾಲಿನ ಕೊನೆಮನೆಯ ಜಗದಾಂಬಾ ಸುಮ್ಮನಿರುವವಳೇ? "ಏನ್ರೀ ಈಶ್ವರಮ್ಮ, ನಿಮ್ಮ ಬಸುರಿ ಹೀರೆಗೆ ಎಷ್ಟು ತಿಂಗಳು? ಸೀಮಂತಕ್ಕೆ ನಮ್ಮನ್ನೂ ಕರೀರಿ!"

"ಬಾರೆ, ಬರಿಗೈಲಿ ಮಾತ್ರ ಬರಬೇಡ. ಒಂದು ಕೊಡ ನೀರು ತಗೊಂಡು ಬಾ."

ಮೇ ಮೊದಲ ವಾರ ಒಂದು ದಿನ ಈಶ್ವರಮ್ಮ ಒಬ್ಬರೇ ಗೋಪಾಳಕ್ಕೆ ಹೋದರು. ಮಗ ಕಾಂಪೌಂಡಿಗೆಲ್ಲ ಸಿಮೆಂಟ್ ಹಾಕಿಸಿದ್ದ. ತಾಯಿಯ ಕಾಟಕ್ಕೆ ಸಂಪಿನ ಪಕ್ಕ ಮೊರದಗಲ ಮಣ್ಣು ಬಿಟ್ಟಿದ್ದ. ಅಲ್ಲಿಗೆ ಬಿಸಿಲು ಬೀಳುತ್ತದೋ ಇಲ್ಲವೋ ನೋಡಿ ಬರಲು ಹೋದದ್ದು. ಬೆಳಕು ಹರಿಯುವ ಮುಂಚೆಯೇ ಬಳ್ಳಿಗೆ ನೀರು ಹಾಕಿದ್ದರು.

ಗೋವಿಂದಯ್ಯನವರಿಗೆ ರಿಟೈರ್ ಆದಮೇಲೂ ಸೈರನ್ನಿಗೇ ಎಚ್ಚರ. ಪ್ಯಾಂಟು ಹಾಕಿಕೊಂಡು, ಹೋಗುವುದಕ್ಕೆ ಜಾಗವಿಲ್ಲದೆ, ಜಗುಲಿಯಲ್ಲಿ ಕೂರುತ್ತಿದ್ದರು. ಅಂದು ನಡುಮಧ್ಯಾಹ್ನ ನಲ್ಲಿ ಬುಸುಗುಟ್ಟಿತು. ನಾನು ಬಿಂದಿಗೆ ಹಿಡಿದು ಓಡಿ ಬಂದಾಗ ಅವರು ಹಿತ್ತಿಲಲ್ಲಿದ್ದರು. ಬೆಳಿಗ್ಗೆಯಿಂದ ಚಪ್ಪಡಿಯ ಮೇಲೆ ಬಿಸಿಲು ಕುಡಿಯುತ್ತಾ ಬಿದ್ದಿದ್ದ, ಹಿಂದಿನ ದಿನದ ನೀರು ಒಳಗೇ ನಿಂತಿದ್ದ ರಬ್ಬರ್ ಪೈಪನ್ನು ನಲ್ಲಿಗೆ ಸಿಕ್ಕಿಸಿ, ಆ ತುದಿಯನ್ನು ಹೀರೆಯ ಬುಡಕ್ಕೆ ಹಿಡಿದು ನಿಂತಿದ್ದರು. ಮುಖದಲ್ಲಿ ಚಿಕ್ಕ ಹುಡುಗನ ಸಂತೋಷ.

"ನೋಡಮ್ಮ, ನೀರು ಬಂತು! ಅವಳು ಬರೋಷ್ಟರಲ್ಲಿ ಎಲ್ಲಕ್ಕೂ ಬಿಟ್ಟುಬಿಡ್ತೀನಿ."

ಪೈಪು ನನ್ನ ಕಾಲಿಗೆ ತಾಗಿ ಚುರ್ ಅಂತು. "ಅಯ್ಯೋ, ನೀರು ಕಾದಿದೆ, ತೆಗೀರಿ!" ಅಂತ ಕೂಗಿದೆ. ಅವರು ನೀರಿಗೆ ಬೆರಳು ಒಡ್ಡಿ ಎಳೆದುಕೊಂಡರು. ಪೈಪಿನೊಳಗಿದ್ದ ಬಿಸಿನೀರೆಲ್ಲ ಅಷ್ಟರಲ್ಲಿ ಬುಡಕ್ಕೆ ಇಳಿದಿತ್ತು. ಆಮೇಲೆ ಬಂದದ್ದು ತಣ್ಣೀರು. ಬಂದು ಏನು ಪ್ರಯೋಜನ?

ಸಂಜೆಗೆ ಎಲೆಗಳು ಬೇಯಿಸಿದ ಸೊಪ್ಪಿನ ಹಾಗೆ ಜೋತುಬಿದ್ದವು. ಬಸ್ಸಿಳಿದು ಬಂದ ಈಶ್ವರಮ್ಮ ಕೈಚೀಲವನ್ನೂ ಇಡದೆ ಹಿತ್ತಿಲಿಗೆ ಹೋದರು. ಬುಡದ ದಂಟು ಮುಟ್ಟಿದರು. ಅದು ಕಂದಿ ಮೆತ್ತಗಾಗಿತ್ತು.

"ಯಾರು?"

"ನಾನೇ ಕಣೇ. ನೀರು ಬಂತು, ನಿನಗೆ ಸ್ವಲ್ಪ ಹಗುರ ಆಗ್ಲಿ ಅಂತ..."

ಈಶ್ವರಮ್ಮ ಕೂಗಾಡಲಿಲ್ಲ. "ಇಷ್ಟು ವರ್ಷ ನಾನು ನಿಮ್ಮನ್ನ ಒಂದು ಚೆಂಬು ನೀರು ಕೇಳಲಿಲ್ಲ" ಅಂದರು. "ಇವತ್ತೂ ಕೇಳಿರಲಿಲ್ಲ."

ಗಂಡನೊಂದಿಗೆ ಅದೇ ಕೊನೆಯ ಮಾತು. ಅಡುಗೆ ಆಗುತ್ತದೆ, ತಟ್ಟೆ ಬೀಳುತ್ತದೆ. ಹೇಳುವುದಿದ್ದರೆ ಬೇಲಿಯ ಮೇಲಿಂದ ನನ್ನ ಮಗಳಿಗೆ: "ಕವನಾ, ನಿಮ್ಮ ತಾತಂಗೆ ಊಟಕ್ಕಾಗಿದೆ ಅಂತ ಹೇಳವ್ವ." ತಾತ ಅಲ್ಲೇ ಎರಡು ಮಾರು ದೂರದಲ್ಲಿ ಕೂತಿರುತ್ತಾರೆ.

ಕಾಯಿಯನ್ನು ಈಶ್ವರಮ್ಮ ಒಣಗಿದ ಬಳ್ಳಿಯಲ್ಲೇ ಬಿಟ್ಟು ನೋಡಿದರು. ಅದು ಬಲಿಯಲಿಲ್ಲ, ಮುರುಟಿತು. ಮೊನ್ನೆ ನನ್ನೆದುರಿಗೇ ಚಿಂದಿ ಬಿಚ್ಚಿ ಒಡೆದರು. ಬಿಳೀ ಬೀಜ, ಉಗುರಿನಂತೆ ಚಪ್ಪಟೆ, ಒಳಗೆ ತಿರುಳಿಲ್ಲ. ಒಂದೊಂದನ್ನೂ ಹಿಸುಕಿ ನೋಡಿದರು. ಎಲ್ಲಾ ಜೊಳ್ಳು. ಕವನಳ ಅಂಗೈಗೆ ಸುರಿದು "ತಗೋ, ಆಟ ಆಡ್ಕೋ" ಅಂದರು. ಚಿಂದಿಯನ್ನು ಮಾತ್ರ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಗೋವಿಂದಯ್ಯ ಮಾತ್ರ ಬಿಡುತ್ತಿಲ್ಲ. ಬೇರು ಹಸಿ ಇದೆ, ಚಿಗುರುತ್ತೆ ಅಂತ ಅವರ ವಾದ. ಸಂಜೆಯಾದರೆ ರಸ್ತೆಯ ತುದಿಯ ಕೈಪಂಪಿನಿಂದ ಬಿಂದಿಗೆ ಹೊತ್ತು ತರುತ್ತಾರೆ. "ಏನು ಗೋವಿಂದಯ್ಯನೋರೆ, ರಿಟೈರ್ ಆದ್ಮೇಲೂ ಡ್ಯೂಟಿನಾ?" ಅಂತ ಜಗದಾಂಬಾ ಕೇಳಿದರೆ, "ಸೆಕೆಂಡ್ ಶಿಫ್ಟ್ ತಾಯಿ" ಅನ್ನುತ್ತಾರೆ. ಅವಳು ನಗುತ್ತಾಳೆ. ಅವರು ನಗುವುದಿಲ್ಲ. ಈಚೆಗೆ ಎಡಗಾಲು ಎಳೆಯುತ್ತಿದ್ದಾರೆ.

ಒಮ್ಮೆ ತಡೆಯಲಾರದೆ ಕೇಳಿದೆ, "ಸಾಕು ಅಂತ ನೀವಾದ್ರೂ ಹೇಳಬಾರದಾ, ಈಶ್ವರಮ್ಮ?"

"ಹೊರಲಿ" ಅಂದರು. "ನನ್ನ ಸೊಂಟ ಹೋಗಿದ್ದು ಯಾರೂ ನೋಡಲಿಲ್ಲ. ಅವರ ಕಾಲು ಹೋಗೋದು ಇಡೀ ಸಾಲು ನೋಡ್ತಿದೆ."



ಇವತ್ತು ಸಂಜೆ, ಕವನ ಆ ಪ್ರಶ್ನೆ ಕೇಳಿದ ಸ್ವಲ್ಪ ಹೊತ್ತಿಗೆ, ಗೋವಿಂದಯ್ಯ ಎರಡನೇ ಬಿಂದಿಗೆಗೆ ಹೊರಟು ಗೇಟಿನ ಹತ್ತಿರ ಎಡವಿದರು. ಬೀಳಲಿಲ್ಲ. ಗೇಟು ಹಿಡಿದು ನಿಂತು, ಕಾಲು ತಿಕ್ಕಿಕೊಂಡು, ಮತ್ತೆ ಹೋದರು. ಈಶ್ವರಮ್ಮ ಕಟ್ಟೆಯಿಂದ ಅರ್ಧ ಎದ್ದವರು ಹಾಗೇ ಕೂತರು. ಗಂಡ ತಿರುವಿನಲ್ಲಿ ಮರೆಯಾದಮೇಲೆ ಬೇಲಿಯ ಹತ್ತಿರ ಬಂದರು.

"ನಾಡಿದ್ದು ಸಾಮಾನಿನ ಲಾರಿ ಬರುತ್ತೆ. ಅಲ್ಲೀವರೆಗೂ ಇವರು ಬಿಡಲ್ಲ. ನನಗೊಂದು ಕೆಲಸ ಮಾಡಿಕೊಡ್ತೀಯಾ?"

"ಹೇಳಿ."

"ನಾಳೆ ಮಧ್ಯಾಹ್ನ ಅವರು ಮಲಗಿದಾಗ ಬಂದು ಆ ಬಳ್ಳಿ ಕಿತ್ತುಹಾಕು. ಕೇಳಿದ್ರೆ ದನ ಎಳೀತು ಅನ್ನು."

"ನೀವೇ ಕೀಳಬಹುದಲ್ಲ?"

"ನಾನು ಕಿತ್ತರೆ ಸಿಟ್ಟು ಹೋಯ್ತು ಅಂದ್ಕೋತಾರೆ. ಹೋಗಿಲ್ಲ." ಕೈಪಂಪಿನ ಕಿರ್ರೋ ಸದ್ದು ಕೇಳಿ ಅತ್ತ ಒಮ್ಮೆ ನೋಡಿದರು. "ಕಷ್ಟ ಆಗಲ್ಲ ಕಣೆ ನಿನಗೆ. ದಿನಾ ನೀರು ಹಾಕಿದಾರಲ್ಲ, ಮಣ್ಣು ಹಸಿ ಇದೆ. ಒಂದೇ ಎಳೆತಕ್ಕೆ ಬರುತ್ತೆ."