ಇಂಗ್ಲೆಂಡಿನ ತೀರ್ಥಕ್ಕೆ ಹೊರಟಿದ್ದ ಅಕ್ಕ

ಮಗಳ ಈಜು ತರಗತಿ ಮುಗಿಯುವವರೆಗೆ ಕೊಳದ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದೆ. ನೀರಿಗೆ ಆಗಷ್ಟೇ ಕ್ಲೋರಿನ್ ಹಾಕಿದ್ದರೇನೋ, ಆ ವಾಸನೆ ಮೂಗಿಗೆ ಅಡರಿ ಕಣ್ಣು ಉರಿಯತೊಡಗಿತು. "ತೀರ್ಥಕ್ಕೆ ಯಾರಾದರೂ ಬ್ಲೀಚಿಂಗ್ ಪೌಡರ್ ಹಾಕ್ತಾರಾ ಮಾರಾಯ್ತಿ?" ಎಂದು ಒಮ್ಮೆ ನನ್ನನ್ನು ಕೇಳಿದ್ದ ದನಿ ನೆನಪಾಯಿತು. ಕತಾರಿನ ಅಲ್ ವಕ್ರಾದ ನಮ್ಮ ಕಟ್ಟಡದಲ್ಲಿ ಎದುರು ಬಾಗಿಲಿನ ಅಕ್ಕ... ಅವರು ನನ್ನ ತಲೆ ತಿಂದಷ್ಟು ನನ್ನ ಪ್ರಾಜೆಕ್ಟ್ ಮ್ಯಾನೇಜರ್ ಕೂಡ ತಿಂದಿಲ್ಲ.

ವಿಶ್ವಕಪ್ ಫುಟ್‌ಬಾಲ್ ಕತಾರಿಗೆ ಬರುವ ಮುಂಚಿನ ವರ್ಷಗಳವು. ಆಗ ಇಲ್ಲಿದ್ದವರಿಗೆಲ್ಲ ಒಂದೇ ಜಪ, ಕಪ್‌ಗೆ ಮುಂಚೆ ಮುಗಿಯಬೇಕು. ರಸ್ತೆ, ಮೆಟ್ರೋ, ಚರಂಡಿ, ಹೋಟೆಲು, ಎಲ್ಲವೂ. ನಾನು ಒಂದು ಕಟ್ಟಡ ಕಂಪನಿಯಲ್ಲಿ ಪ್ಲ್ಯಾನಿಂಗ್ ಎಂಜಿನಿಯರ್. ಯಾವ ಕೆಲಸ ಯಾವಾಗ ಶುರುವಾಗಬೇಕು, ಒಂದು ತಡವಾದರೆ ಅದರ ಮುಂದಿನವು ಎಷ್ಟು ಜಾರುತ್ತವೆ ಎಂದು ಕಂಪ್ಯೂಟರಿನಲ್ಲಿ ಗೆರೆ ಎಳೆಯುವುದೇ ನನ್ನ ಹೊಟ್ಟೆಪಾಡು. ನಾನೆಳೆದ ಗೆರೆಯಂತೆ ಯಾರೂ ನಡೆಯುವುದಿಲ್ಲ. ಬೈಸಿಕೊಂಡು ಮತ್ತೆ ಎಳೆಯುತ್ತೇನೆ. ಅದನ್ನು ನಾವು ರಿವಿಷನ್ ಎಂಬ ಮರ್ಯಾದೆಯ ಹೆಸರಿನಿಂದ ಕರೆಯುತ್ತೇವೆ.

ಪಂದ್ಯಗಳ ಹೊತ್ತಿಗೆ ಶಾಲೆಗಳಿಗೆ ದೊಡ್ಡ ರಜೆ ಎಂದು ಗೊತ್ತಾದಾಗ ನನಗೆ ಒಂದು ಆಸೆ ಹುಟ್ಟಿತು. ಒಂದೇ ಒಂದು ಪ್ಲ್ಯಾನ್ ರಿವಿಷನ್ ಇಲ್ಲದೆ ನಡೆಯಬೇಕು, ಅದು ನನ್ನ ಸ್ವಂತದ್ದಾಗಿರಬೇಕು. ಮೈಸೂರಿನಲ್ಲಿ ಸಿವಿಲ್ ಓದುವಾಗ ಮೇಷ್ಟ್ರೊಬ್ಬರು ಇಂಗ್ಲೆಂಡಿನ ಬಾತ್ ನಗರದ ಚಿತ್ರ ತೋರಿಸಿದ್ದರು. ಅಲ್ಲಿ ನೆಲದಿಂದ ಬಿಸಿನೀರು ಉಕ್ಕುತ್ತದೆ. ಅದಕ್ಕೆ ರೋಮನ್ನರು ಕಲ್ಲಿನ ಕೊಳ ಕಟ್ಟಿ, ಸೀಸದ ತಗಡು ಹೊದಿಸಿ, ಹೆಚ್ಚಾದ ನೀರು ಹೋಗಲು ಕಾಲುವೆ ಮಾಡಿದ್ದಾರೆ. ಆ ಕಾಲುವೆಯಲ್ಲಿ ಇಂದಿಗೂ ನೀರು ಹರಿಯುತ್ತದೆ ಎಂದಿದ್ದರು. ಬೇರೆಯವರು ಲಂಡನ್ನಿಗೆ ಅರಮನೆ ನೋಡಲು ಹೋಗುತ್ತಾರೆ. ನನಗೆ ಆ ಚರಂಡಿ ನೋಡಬೇಕಿತ್ತು.

ಇದನ್ನು ಎದುರು ಮನೆಯ ಅಕ್ಕನಿಗೆ ಹೇಳಿದ್ದೇ ತಪ್ಪಾಯಿತು. ಪುತ್ತೂರಿನ ಕಡೆಯವರು. ನನಗಿಂತ ಇಪ್ಪತ್ತು ವರ್ಷವಾದರೂ ದೊಡ್ಡವರು. ಅವರ ಗಂಡನನ್ನು ನಾನು ಭಾವ ಎನ್ನುತ್ತಿದ್ದೆ. ಇಂಡಸ್ಟ್ರಿಯಲ್ ಏರಿಯಾದ ಕ್ಯಾಂಪುಗಳಿಂದ ಕೆಲಸಗಾರರನ್ನು ಸೈಟುಗಳಿಗೆ ಸಾಗಿಸುವ ಬಸ್ ಕಂಪನಿಯಲ್ಲಿ ಭಾವ ಸೂಪರ್‌ವೈಸರ್. ಮಾತು ಕಡಿಮೆ, ಫೋನು ಮಾತ್ರ ಸದಾ ಕಿವಿಯಲ್ಲಿ. ಅಕ್ಕ ಪತ್ರೊಡೆಯ ಡಬ್ಬಿ ಹಿಡಿದು ನಮ್ಮ ಸೋಫಾದಲ್ಲಿ ಕುಳಿತಿದ್ದವರು ನೆಲದಿಂದ ಬಿಸಿನೀರು ಬರುತ್ತದೆ ಎಂದದ್ದೇ ತಡ, ಕಾಲು ಕೆಳಗಿಟ್ಟರು. ಅದು ಯಾವ ದೇವರದು ಎಂದು ಕೇಳಿದರು. ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಹಿಂದೆ ಅಲ್ಲೊಂದು ದೇವಿಯ ಗುಡಿಯೂ ಇತ್ತಂತೆ ಎಂದುಬಿಟ್ಟೆ.

"ಹಾಗಾದ್ರೆ ಅದು ತೀರ್ಥ. ನಾವೂ ಬರ್ತೇವೆ," ಎಂದರು ಅಕ್ಕ.

ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ಮಂಗಳವಾರ ಹೊರಡುವಂತಿಲ್ಲ ಎಂದರು, ವಿಮಾನ ಬದಲಾಯಿಸಿದೆ. ಭಾವನಿಗೆ ರಾತ್ರಿ ಕುಚ್ಚಲಕ್ಕಿ ಗಂಜಿ ಇಲ್ಲದಿದ್ದರೆ ಆಗದು ಎಂದರು, ಹೋಟೆಲು ಬಿಟ್ಟು ಅಡುಗೆಮನೆ ಇರುವ ಜಾಗ ಹುಡುಕಿದೆ. ರೈಸ್ ಕುಕ್ಕರನ್ನು ಕೈಚೀಲದಲ್ಲಿ ತೆಗೆದುಕೊಂಡು ಹೋಗಬಹುದೇ ಎಂದು ಕೇಳಿದರು. ಸ್ನಾನ ಸೂರ್ಯೋದಯಕ್ಕೆ ಮುಂಚೆ, ಖಾಲಿ ಹೊಟ್ಟೆಯಲ್ಲಿ ಆಗಬೇಕಂತೆ. ಚಳಿಗಾಲದಲ್ಲಿ ಅಲ್ಲಿ ಸೂರ್ಯ ಹುಟ್ಟುವುದೇ ಎಂಟರ ಹೊತ್ತಿಗೆ, ಅದಕ್ಕೂ ಮುಂಚೆ ಯಾರೂ ಬಾಗಿಲು ತೆಗೆಯುವುದಿಲ್ಲ ಎಂದರೆ, ಒಂದು ಫೋನ್ ಮಾಡಿ ಹೇಳಿದರೆ ತೆಗೆಯುವುದಿಲ್ಲವೇ ಎಂದು ನನ್ನನ್ನೇ ವಾಪಸು ಕೇಳಿದರು. ನನ್ನ ಯಜಮಾನರು ಲ್ಯಾಪ್‌ಟಾಪ್ ಅಡ್ಡ ಹಿಡಿದುಕೊಂಡು ನಗುತ್ತಿದ್ದರು. ನಗುವವರಿಗೇನು, ಗೆರೆ ಎಳೆಯುವವಳು ನಾನು.

ಎಲ್ಲಕ್ಕಿಂತ ದೊಡ್ಡ ಪೀಕಲಾಟ ಬೇರೆಯೇ ಇತ್ತು. ಆ ಹಳೆಯ ಕೊಳಕ್ಕೆ ಯಾರನ್ನೂ ಇಳಿಯಲು ಬಿಡುವುದಿಲ್ಲ. ಟಿಕೆಟ್ ಕೊಂಡು ಸುತ್ತ ನಡೆದು ಹಸಿರು ನೀರನ್ನು ನೋಡಿ ಬರಬೇಕು, ಅಷ್ಟೆ. ಇದನ್ನು ಹೇಗೆ ಹೇಳುವುದೆಂದು ಎಷ್ಟೋ ದಿನ ಒದ್ದಾಡಿ ಕೊನೆಗೆ ಹೇಳಿದೆ. ಅಕ್ಕನ ಮುಖ ಇಳಿದುಹೋಯಿತು. ಅದನ್ನು ನೋಡಲಾಗದೆ, ಪಕ್ಕದಲ್ಲೇ ಅದೇ ನೆಲದ ನೀರು ತುಂಬಿಸಿದ ಹೊಸ ಕೊಳ ಇದೆ, ಅಲ್ಲಿ ಇಳಿಯಬಹುದು ಎಂದೆ. ಗಂಡಸರು ಹೆಂಗಸರು ಒಟ್ಟಿಗೆ, ಈಜುಡುಗೆ ಕಡ್ಡಾಯ, ಸೀರೆಯಲ್ಲಿ ಬಿಡುವುದಿಲ್ಲ, ನೀರಿಗೆ ಔಷಧಿಯನ್ನೂ ಹಾಕುತ್ತಾರೆ. ಇಷ್ಟು ಕೇಳಿದ ಮೇಲೆ ಖಂಡಿತ ಕೈಬಿಡುತ್ತಾರೆ ಎಂದುಕೊಂಡೆ. ಬ್ಲೀಚಿಂಗ್ ಪೌಡರಿನ ಪ್ರಶ್ನೆ ಬಂದದ್ದು ಆಗಲೇ. ಅದೊಂದಕ್ಕೇ ಅವರು ಬೇಸರ ಮಾಡಿಕೊಂಡದ್ದು.

ಮುಂದಿನ ಶುಕ್ರವಾರ ಬಾಗಿಲು ಬಡಿದು ನನ್ನನ್ನು ತಮ್ಮ ಮನೆಗೆ ಕರೆದರು. ಒಳಗೆ ಹೋದರೆ ಅಕ್ಕ ನಡುಮನೆಯಲ್ಲಿ ತಲೆಯಿಂದ ಪಾದದವರೆಗೆ ಕಪ್ಪು ಬಟ್ಟೆಯಲ್ಲಿ ನಿಂತಿದ್ದಾರೆ. ಇಲ್ಲಿನ ಅರಬ್ ಹೆಂಗಸರು ಸಮುದ್ರಕ್ಕೆ ಇಳಿಯುವಾಗ ಹಾಕುತ್ತಾರಲ್ಲ, ಉದ್ದ ತೋಳು, ಕಾಲು ಮುಚ್ಚುವ ಚಲ್ಲಣ, ಮೇಲೊಂದು ಲಂಗ, ತಲೆಗೂ ಟೋಪಿ, ಆ ಈಜುಡುಗೆ. ಶಾಪಿಂಗ್ ಮಾಲಿನ ಅಂಗಡಿಯ ಕೇರಳದ ಹುಡುಗಿಗೆ ಮಲಯಾಳದಲ್ಲಿ ಎಲ್ಲ ವಿವರಿಸಿ ತಂದಿದ್ದರು. ಹಣೆಯಲ್ಲಿ ಕುಂಕುಮ, ಎದೆಯ ಮೇಲೆ ಕರಿಮಣಿ, ಕೈತುಂಬ ಬಳೆ. ಪುತ್ತೂರಿನ ಮುತ್ತೈದೆಯೊಬ್ಬರು ಅರಬ್ಬರ ಉಡುಗೆಯಲ್ಲಿ ಇಂಗ್ಲೆಂಡಿನ ದೇವಿಯ ನೀರಿಗೆ ಇಳಿಯಲು ಸಿದ್ಧರಾಗಿದ್ದರು. ನನಗೆ ನಗು ಬಂತು, ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಕ್ಕನೂ ನಕ್ಕರು. ಆಮೇಲೆ ಸೋಫಾದ ತುದಿಯಲ್ಲಿ ಹಾಗೆಯೇ ಕುಳಿತು ಲಂಗದ ಅಂಚನ್ನು ಮಂಡಿಯ ಮೇಲೆ ಸರಿ ಮಾಡಿಕೊಂಡರು.

"ನಾವಿಬ್ರೇ ಒಂದು ಕಡೆಗೆ ಅಂತ ಹೋದದ್ದೇ ಇಲ್ಲ ಮಾರಾಯ್ತಿ. ಇದೊಂದು ಆಗ್ಬೇಕು," ಎಂದರು.

ಮದುವೆಯಾದ ವರ್ಷವೇ ಭಾವ ಗಲ್ಫಿಗೆ ಬಂದವರು. ಅಕ್ಕ ಊರಿನಲ್ಲಿ ಅತ್ತೆಯ ಜೊತೆ. ಎರಡು ವರ್ಷಕ್ಕೊಮ್ಮೆ ಭಾವ ರಜೆಯಲ್ಲಿ ಬಂದರೆ ಆ ರಜೆಯೆಲ್ಲ ಮದುವೆ, ಸತ್ತವರ ಬೊಜ್ಜ, ಭೂತದ ಕೋಲ, ನೆಂಟರ ಮನೆಯ ಊಟಗಳಲ್ಲಿ ಕಳೆದುಹೋಗುತ್ತಿತ್ತು. ಮಗಳ ಮದುವೆ ಮುಗಿಸಿ, ಅತ್ತೆಯೂ ಹೋದ ಮೇಲೆ ಅಕ್ಕ ಇಲ್ಲಿಗೆ ಬಂದರು. ಬಂದ ಮೇಲೂ ಭಾವ ಬಸ್ಸುಗಳ ಹಿಂದೆ. ಕಪ್ ಮುಗಿದರೆ ಕಂಪನಿಯ ಕೆಲಸವೂ ಮುಗಿಯುತ್ತದೆ, ಊರಿಗೆ ಹೊರಡಬೇಕು. ಅದಕ್ಕೆ ಮುಂಚೆ ಗಂಡ ಹೆಂಡತಿ ಕೈ ಹಿಡಿದುಕೊಂಡು ಒಂದು ತೀರ್ಥದಲ್ಲಿ ಮುಳುಗಬೇಕು. ದಂಪತಿ ಸ್ನಾನ ಎಂದರೆ ಹಾಗೆಯೇ, ಒಬ್ಬರೇ ಮಾಡುವುದಲ್ಲ. ಅಂದು ಸಂಜೆ ನಾನು ನಮ್ಮ ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದು, ಇಡೀ ಪ್ಲ್ಯಾನನ್ನು ಆ ಸ್ನಾನದ ಸುತ್ತ ಮತ್ತೆ ಬರೆದೆ. ನನ್ನ ಚರಂಡಿಯನ್ನು ಮಧ್ಯಾಹ್ನಕ್ಕೆ ತಳ್ಳಿದೆ.

ವೀಸಾ ಬಂತು. ಅಕ್ಕ ಚಟ್ನಿಪುಡಿ ಕುಟ್ಟಿ, ದೇವಿಗೆಂದು ಕುಂಕುಮದ ಪೊಟ್ಟಣ ಕಟ್ಟಿದರು. ಹೊರಡಲು ಕೆಲವು ವಾರವಿದ್ದಾಗ ಭಾವ ಕೆಲಸದಿಂದ ಬಂದು, ಬೂಟು ಕೂಡ ಬಿಚ್ಚದೆ ನಮ್ಮ ಬಾಗಿಲಲ್ಲಿ ನಿಂತರು. ಪಂದ್ಯಗಳಿಗೆ ಬರುವ ಜನರನ್ನು ಸಾಗಿಸಲು ಎಲ್ಲ ಬಸ್ಸುಗಳೂ ಬೇಕು, ಕಪ್ ಮುಗಿಯುವವರೆಗೆ ಯಾರಿಗೂ ರಜೆಯಿಲ್ಲ ಎಂದು ಆರ್ಡರ್ ಬಂದಿತ್ತು.

"ಲೀವ್ ಖಲಾಸ್, ತಂಗೀ. ಅವಳನ್ನು ನೀವು ಕರ್ಕೊಂಡು ಹೋಗಿ," ಎಂದರು.

ಅಕ್ಕ ಬರಲಿಲ್ಲ. ನಾನು ಬೇಡಿದೆ, ಬೈದೆ. ಊರು ನೋಡುವುದಕ್ಕಾದರೂ ಬನ್ನಿ, ಟಿಕೆಟ್ ಹಾಳಾಗುತ್ತದೆ, ವೀಸಾ ಮತ್ತೆ ಸುಲಭಕ್ಕೆ ಸಿಗದು ಎಂದೆ. ನನ್ನ ಯಜಮಾನರೂ ಹೇಳಿದರು. ನಾನು ಬಂದು ಯಾರ ಕೈ ಹಿಡಿದು ಮುಳುಗುವುದು ಎಂದು ಅಕ್ಕ ಕೇಳಿದರು. ಆ ಹಟ ನೋಡಿ ನನಗೆ ಮೈಯೆಲ್ಲ ಉರಿಯಿತು. ಹೊರಡುವ ದಿನ ಲಿಫ್ಟಿನವರೆಗೆ ಬಂದು, ನನ್ನ ಮಗಳ ಕೈಗೆ ಚಟ್ನಿಪುಡಿಯ ಡಬ್ಬಿ, ನನ್ನ ಕೈಗೆ ಕುಂಕುಮದ ಪೊಟ್ಟಣ ಕೊಟ್ಟರು.

ಆ ಪ್ರವಾಸ ಗೆರೆ ಎಳೆದಂತೆ ನಡೆಯಿತು. ವಿಮಾನ ತಡವಾಗಲಿಲ್ಲ, ರೈಲು ತಪ್ಪಲಿಲ್ಲ. ಜೇನುಬಣ್ಣದ ಕಲ್ಲಿನ ಆ ಊರು ಎಷ್ಟು ಚಂದವಿತ್ತೆಂದರೆ ಎಲ್ಲಿ ನೋಡಿದರೂ ಕ್ಯಾಲೆಂಡರಿನ ಚಿತ್ರ. ರೋಮನ್ನರ ಕಾಲುವೆಯ ಬಾಯಿಯ ಮುಂದೆ ನಿಂತೆ. ಕಲ್ಲಿಗೆಲ್ಲ ಕೆಮ್ಮಣ್ಣಿನ ಬಣ್ಣ ಹಿಡಿದಿತ್ತು, ನೀರಿನಿಂದ ಆವಿ ಏಳುತ್ತಿತ್ತು. ಇಷ್ಟು ವರ್ಷ ಕನಸು ಕಂಡದ್ದು ಇದನ್ನೇನಾ ಎನಿಸಿತು. ರಿವಿಷನ್ ಇಲ್ಲದ ಪ್ಲ್ಯಾನ್ ಇಷ್ಟೊಂದು ಸಪ್ಪೆ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಕಾವಲಿನವರು ಅತ್ತ ತಿರುಗಿದಾಗ ಕುಂಕುಮವನ್ನು ಒಂದು ಚಿಟಿಕೆ ಕಂಬದ ಬುಡಕ್ಕೆ ಹಚ್ಚಿ, ಕಳ್ಳಿಯ ಹಾಗೆ ಅಲ್ಲಿಂದ ಹೊರಬಂದೆ. ಹೊಸ ಕೊಳಕ್ಕೆ ನಾವು ಇಳಿಯಲಿಲ್ಲ. ಮಕ್ಕಳನ್ನು ಬಿಡುವುದಿಲ್ಲ ಎಂದು ಯಜಮಾನರಿಗೆ ಹೇಳಿದೆ. ಅದು ನಿಜವೂ ಆಗಿತ್ತು.

ಕಪ್ ಮುಗಿಯಿತು. ಭಾವನ ಕಂಪನಿ ಲೆಕ್ಕ ಚುಕ್ತಾ ಮಾಡಿ ನೇರ ಮಂಗಳೂರಿಗೆ ಟಿಕೆಟ್ ಕೊಟ್ಟು, ಬೇಗ ಹೊರಡಿ ಎಂದಿತು. ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಇಂಗ್ಲೆಂಡಿನ ಮಾತೆಲ್ಲಿ ಬರಬೇಕು? ವೀಸಾ ಇನ್ನೂ ಉಂಟಲ್ಲ, ಊರಿನಿಂದಲೇ ಹೊರಡುತ್ತೇವೆ, ನೀನು ಪ್ಲ್ಯಾನ್ ಮಾಡಿ ಕಳಿಸು ಎಂದರು ಅಕ್ಕ. ಹೋದ ಮೇಲೆ ಅವರ ವಾಯ್ಸ್ ಮೆಸೇಜುಗಳು ಶುರುವಾದವು. ನಾನು ಆಫೀಸಿನ ಮೀಟಿಂಗಿನಲ್ಲಿ ಕುಳಿತಾಗಲೇ ಬರುತ್ತಿದ್ದವು. ಬೆಂಗಳೂರಿನಿಂದ ವಿಮಾನ ಆದೀತಾ, ಅಮಾವಾಸ್ಯೆ ಬಿಟ್ಟು ನೋಡು, ಭಾವನಿಗೆ ಕಾಲು ನೀಡುವಷ್ಟು ಜಾಗ ಇರುವ ಸೀಟು ಮಾಡು. ನಾನು ಗೊಣಗುತ್ತ ಮಾಡಿ ಕಳಿಸುತ್ತಿದ್ದೆ. ಆದರೆ ಊರು ಸೇರಿದ ಭಾವನಿಗೆ ಅಲ್ಲಾಡುವ ಮನಸ್ಸಿರಲಿಲ್ಲ. ಮನೆಗೆ ಬಣ್ಣ ಹೊಡೆಸಿ ಆಗಲಿ ಎಂದರು, ಬಾವಿ ಕೆಲಸ ಮುಗಿಯಲಿ ಎಂದರು. ವೀಸಾದ ಅವಧಿ ಮುಗಿಯಿತು. ಮತ್ತೆ ಅರ್ಜಿ ಹಾಕಿಸುತ್ತೇನೆ, ನೀನು ಗೆರೆ ಎಳೆದು ಇಡು ಎಂದು ಅಕ್ಕನ ಮೆಸೇಜು ಬಂತು. ಎಳೆದಿಟ್ಟೆ...

ಕಳೆದ ವರ್ಷ ಜ್ವರ ಎಂದು ಮಲಗಿದ ಅಕ್ಕ ಏಳಲಿಲ್ಲ. ಸುದ್ದಿ ತಿಳಿದು ಫೋನು ಮಾಡಿದೆ. ನಾನು ಕೇಳದೆಯೇ ಭಾವ ನಿಧಾನವಾಗಿ ಹೇಳಿದರು.

"ತಂಗೀ, ನಮ್ಮ ಮನೆಯಿಂದ ಬಸ್ಸಲ್ಲಿ ಹೋಗಿ ಊಟಕ್ಕೆ ವಾಪಸು ಬರುವಷ್ಟು ಹತ್ರ ಒಂದು ಬಿಸಿನೀರಿನ ತೀರ್ಥ ಉಂಟು. ಅಲ್ಲಿಗಾದ್ರೂ ಹೋಗುವಾ ಅಂತ ಎರಡು ಮೂರು ಸಲ ಕರ್ದೆ. ಬರ್ಲಿಲ್ಲ. ಇಲ್ಲಿ ಮುಳುಗಿದ್ರೆ ಮತ್ತೆ ನೀವು ನನ್ನನ್ನು ಅಷ್ಟು ದೂರ ಕರ್ಕೊಂಡು ಹೋಗುದಿಲ್ಲ ಅಂದಳು."

ಫೋನು ಇಟ್ಟ ಮೇಲೆ ನನಗೆ ಅಳುವಿಗಿಂತ ಮುಂಚೆ ಸಿಟ್ಟು ಬಂತು. ಇಷ್ಟು ವರ್ಷ ನನ್ನ ಸೋಫಾದಲ್ಲಿ ಕುಳಿತು, ನನ್ನ ಶುಕ್ರವಾರಗಳನ್ನೆಲ್ಲ ನುಂಗಿ, ಮನೆಯ ಹತ್ತಿರವೇ ಬಿಸಿನೀರಿನ ತೀರ್ಥ ಇದೆಯೆಂದು ಒಂದು ಮಾತು ಹೇಳಿರಲಿಲ್ಲ ಈ ಹೆಂಗಸು. ಹೇಳಿದ್ದರೆ ಮೊದಲ ದಿನವೇ, ಅಲ್ಲಿಗೇ ಹೋಗಿ ಮುಳುಗಿ ಬನ್ನಿ ಅಕ್ಕ, ನನ್ನನ್ನು ಬಿಟ್ಟುಬಿಡಿ ಎನ್ನುತ್ತಿದ್ದೆ. ಅದು ಅವರಿಗೆ ಗೊತ್ತಿತ್ತು. ಭಾವನೂ ಹಾಗೇ ಅನ್ನುತ್ತಾರೆಂದು ಗೊತ್ತಿತ್ತು. ಎಲ್ಲರೂ ಸೇರಿ ಹತ್ತಿರದ್ದನ್ನೇ ಅವರ ಕೈಗೆ ಕೊಟ್ಟು ಕಳಿಸುತ್ತೇವೆಂದು ಗೊತ್ತಿದ್ದೇ ಅವರು ಅದರ ಸುದ್ದಿ ಎತ್ತಲಿಲ್ಲ.

ಎದುರು ಮನೆಯಲ್ಲೀಗ ಫಿಲಿಪ್ಪೀನ್ಸಿನ ಗಂಡ ಹೆಂಡತಿ ಇದ್ದಾರೆ. ಒಳ್ಳೆಯ ಜನ, ನನ್ನ ತಂಟೆಗೆ ಬರುವುದಿಲ್ಲ. ಶುಕ್ರವಾರ ಬೆಳಿಗ್ಗೆ ಯಾರೂ ಬಾಗಿಲು ಬಡಿಯುವುದಿಲ್ಲ, ಮೀಟಿಂಗಿನಲ್ಲಿ ಫೋನು ಗುಂಯ್ ಎನ್ನುವುದಿಲ್ಲ. ಇಷ್ಟು ನೆಮ್ಮದಿ ಬೇಕೆಂದೇ ಅಲ್ಲವೇ ಆಗ ದಿನಾ ಗೊಣಗುತ್ತಿದ್ದದ್ದು? ಅಕ್ಕನ ಮೇಲೆ ನನಗೆ ಇನ್ನೂ ಸಿಟ್ಟಿದೆ. ಒಂದು ಮಾತು, ಭಾವ ಒಪ್ಪುತ್ತಿಲ್ಲ, ನೀನೊಮ್ಮೆ ಗಟ್ಟಿಯಾಗಿ ಹೇಳು ಎಂದಿದ್ದರೆ ನಾನೇ ಮಂಗಳೂರಿಗೆ ಹೋಗಿ ಇಬ್ಬರನ್ನೂ ವಿಮಾನ ಹತ್ತಿಸುತ್ತಿದ್ದೆ. ಹೇಳಲಿಲ್ಲ. ಅಷ್ಟು ದೂರ ಹೋಗೋಣವೆಂದು ಭಾವನೇ ತಾವಾಗಿ ಕರೆಯಲಿ ಎಂದು ಕಾದರು.