ಶನಿವಾರದ ಅಳತೆ

ನಮ್ಮ ಮನೆಯ ಹೆಣ್ಣು ಡಿಗ್ರಿ ಮಾಡುವುದು ಎಂದೂ ಆಗದ ಮಾತು ಎಂದಿದ್ದವರು ನನ್ನ ದೊಡ್ಡಪ್ಪ. ಮೊನ್ನೆ ಮೊಮ್ಮಗಳು ಪೆನ್ಸಿಲ್ ಹೆರೆಯುತ್ತಿದ್ದಳು. ಆ ಸಿಪ್ಪೆಯ ವಾಸನೆಗೆ ದೊಡ್ಡಪ್ಪನ ಮಾತೂ, ಅದರ ಹಿಂದೆಯೇ ಮೂರನೇ ಕ್ಲಾಸಿನ ಮೇಷ್ಟ್ರೂ ನೆನಪಾದರು.

ಎಪ್ಪತ್ತರ ದಶಕ. ರಿಪ್ಪನ್‌ಪೇಟೆಯಿಂದ ಒಳಗಿನ ಹಳ್ಳಿಯೊಂದರ ಶಾಲೆ. ಯೋಚಿಸಿ ಕೊಂಡುಕೊಳ್ಳುವುದನ್ನು, ಹಾಳು ಮಾಡದೆ ಬಳಸುವುದನ್ನು ಎಳೆಯರಿದ್ದಾಗಲೇ ಕಲಿಸಬೇಕೆಂದು ಮೇಷ್ಟ್ರು ನಂಬಿದ್ದರು. ಪ್ರತಿ ಶನಿವಾರ ನಾವು ಪೆನ್ಸಿಲ್ ಹಿಡಿದು ಸಾಲಾಗಿ ನಿಲ್ಲಬೇಕು. ಅವರು ಅಡಿಪಟ್ಟಿ ಇಟ್ಟು ಅಳೆದು, ವಾರದಲ್ಲಿ ಎಷ್ಟು ಸವೆದಿದೆ ಎಂದು ಗೋಡೆಯ ಪಟ್ಟಿಯಲ್ಲಿ ಬರೆಯುತ್ತಿದ್ದರು. ಹಳೆಯದು ಇರುವಾಗಲೇ ಹೊಸದು ಕೊಂಡವರಿಗೆ, "ಇದು ನಿಂಗೆ ಬೇಕಾಗಿತ್ತೋ, ಅಂಗಡಿಯವನಿಗೆ ಬೇಕಾಗಿತ್ತೋ?" ಎನ್ನುತ್ತಿದ್ದರು. ಕ್ಲಾಸು ಗೊಳ್ಳೆನ್ನುತ್ತಿತ್ತು.

ಎಲ್ಲರಿಗಿಂತ ಕಡಿಮೆ ಸವೆಯುತ್ತಿದ್ದದ್ದು ನನ್ನ ಪೆನ್ಸಿಲ್. "ಈ ಹುಡುಗೀನ ನೋಡಿ ಕಲೀರ್ರೋ" ಎನ್ನುತ್ತಿದ್ದರು. ನಾನು ತಲೆ ತಗ್ಗಿಸುತ್ತಿದ್ದೆ...

ಅಪ್ಪ ತೀರಿಕೊಂಡಿದ್ದ ನಮ್ಮ ಮನೆಯಲ್ಲಿ ದೊಡ್ಡಪ್ಪನದೇ ಕೊನೆಯ ಮಾತು. "ಈ ಪೆನ್ಸಿಲ್ ಮುಗಿದ ದಿನ ನಿನ್ನ ಇಸ್ಕೂಲೂ ಮುಗೀತು ಅಂತ ತಿಳ್ಕ. ಕೊಟ್ಟಿಗೆಗೆ ಸೊಪ್ಪು ಹೊರಾಕೆ ಓದು ಎಂತಕ್ಕೆ?" ಎಂದಿದ್ದರು. ಹಾಗಾಗಿ ನಾನು ಬರೆಯುತ್ತಲೇ ಇರಲಿಲ್ಲ. ಹಾಳೆಗೆ ತಾಗದ ಹಾಗೆ, ಕೂದಲೆಳೆಯಷ್ಟು ಮೇಲೆ ಪೆನ್ಸಿಲ್ ಆಡಿಸುತ್ತಿದ್ದೆ.

ಒಂದು ಶನಿವಾರ ಮೇಷ್ಟ್ರು ಹೊಗಳುವ ಉಮೇದಿನಲ್ಲಿ ನನ್ನ ಪುಸ್ತಕ ಎತ್ತಿ ಎಲ್ಲರಿಗೂ ತೋರಿಸಿದರು. ತಿರುಗಿಸಿದ ಹಾಳೆಯೆಲ್ಲ ಖಾಲಿ.

"ಎಂತಕ್ಕೆ ಬರ್ದಿಲ್ಲ?"

"ಪೆನ್ಸಿಲ್ ಮುಗಿದ್ರೆ ಬಿಡಿಸ್ತಾರೆ ಸಾರ್."

ಅವರು ಕುರ್ಚಿಯಲ್ಲಿ ಕುಸಿದರು. "ಹಂಗಾರೆ ಇಷ್ಟು ದಿನ ನಾನು ಅಳೆದದ್ದು ಎಂತದು?" ಎಂದರು, ಯಾರಿಗೆಂದಿಲ್ಲದೆ. ಆಮೇಲೆ ಎದ್ದು ಪಟ್ಟಿಯನ್ನು ಗೋಡೆಯಿಂದ ಕಿತ್ತರು. ಶನಿವಾರದ ಅಳತೆ ಮತ್ತೆ ನಡೆಯಲಿಲ್ಲ.

ಸಂಜೆ ನಮ್ಮ ಅಂಗಳಕ್ಕೆ ಬಂದರು. "ಪೆನ್ಸಿಲ್ ನಾನು ಕೊಡ್ತೀನಿ ಯಜಮಾನ್ರೆ. ನೀವು ಹುಡುಗೀನ ಕಳ್ಸಿ."

ದೊಡ್ಡಪ್ಪ ನಕ್ಕರು. "ಕಳಿಸ್ತೀನಿ ಮಾರಾಯ್ರೆ. ಇವಳೇನು ಡಿಗ್ರಿ ತಗಳ್ತಾಳಾ? ತಗಂಡ್ರೆ ನನ್ನ ಮೀಸೆ ಬೋಳ್ಸಿ!"

ಮೇಷ್ಟ್ರು ತೀರ್ಥಹಳ್ಳಿ ಕಡೆಗೆ ವರ್ಗವಾದ ಮೇಲೂ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಪೆನ್ಸಿಲ್, ಮುಂದೆ ಪೆನ್ನು ಬರುತ್ತಿದ್ದವು. ಸೊಪ್ಪು ಹೊತ್ತೆ, ಒಂದು ಸಲ ಫೇಲಾದೆ, ಮತ್ತೆ ಪರೀಕ್ಷೆಗೆ ಕಟ್ಟಿದೆ. ಎಂಬತ್ತರ ದಶಕದಲ್ಲಿ ಸಾಗರದಲ್ಲಿ ಓದಿ ಪದವಿ ಪಡೆದೆ. ಅದೇ ಊರಿನಲ್ಲಿ ಮೇಷ್ಟ್ರು ನಿವೃತ್ತರಾಗಿ ನೆಲೆಸಿದ್ದರು. ಬರಿಗೈಯಲ್ಲಿ ಹೋಗಬಾರದು, ಸರ್ಟಿಫಿಕೇಟು ಹಿಡಿದೇ ಹೋಗಬೇಕು ಎಂಬ ಹಟದಲ್ಲಿ ಓದುವಷ್ಟು ದಿನ ಒಮ್ಮೆಯೂ ಅವರ ಬಾಗಿಲು ತಟ್ಟಲಿಲ್ಲ. ಅದು ಈ ವಯಸ್ಸಿನಲ್ಲೂ ಚುಚ್ಚುತ್ತದೆ...

ಕೊನೆಗೆ ಹೋದಾಗ ಬಾಗಿಲು ತೆರೆದವರು ಅವರ ಹೆಂಡತಿ. ಹಣೆ ಬರಿದಾಗಿತ್ತು. ನಾನು ಯಾರೆಂದು ಹೇಳಿ, ಬೇರೇನೂ ತೋಚದೆ, ಸರ್ಟಿಫಿಕೇಟನ್ನು ಅವರ ಕೈಗೆ ಕೊಟ್ಟೆ. ಅವರು ಕೈಯನ್ನು ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡರು. ಸ್ವಲ್ಪ ಹೊತ್ತು ಹಿಡಿದಿದ್ದು ನನಗೇ ವಾಪಸು ಕೊಟ್ಟರು.

"ಫೋಟೊ ಒಳಗಿದೆ, ಬಾ. ಅದರ ಮುಂದೆ ನಿಂತು ಓದು ಮಗಾ. ಜೋರಾಗಿ ಓದು. ಕೊನೆಕೊನೆಗೆ ಅವ್ರಿಗೆ ಕಿವಿ ಸರಿಯಾಗಿ ಕೇಳ್ತಿರ್ಲಿಲ್ಲ."