ಎಡಗಾಲಿನ ಚಪ್ಪಲಿಯೇ ಯಾಕೆ ಸವೆಯಿತು

ಚಪ್ಪಲಿ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಯಾಕಕ್ಕ ಅಂತ. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಮಾತ್ರ ಹೊರಗೆ ಬರುತ್ತಿತ್ತು. ಗಿರಾಕಿಯ ಮುಂದೆ ಮಂಡಿಯೂರಿ ಕೂತು, ಪಾದವನ್ನು ಅಳತೆಯ ಹಲಗೆ ಮೇಲೆ ಇಡಿಸಿದಳೆಂದರೆ ಅವಳ ಬಾಯಿಂದ ಮೊದಲು ಬರುತ್ತಿದ್ದದ್ದು ನಂಬರ್ ಅಲ್ಲ, ಪ್ರಶ್ನೆ.

"ನಿಮ್ಮ ಒಂದು ಪಾದ ಇನ್ನೊಂದಕ್ಕಿಂತ ಚೂರು ದೊಡ್ಡದಿದೆ, ಗೊತ್ತಾ? ಸುಮಾರು ಜನಕ್ಕೆ ಹೀಗೇ ಇರುತ್ತೆ. ಯಾಕಿರಬಹುದು?"

ಗಿರಾಕಿ ತನ್ನ ಕಾಲನ್ನೇ ಮೊದಲ ಸಲ ನೋಡಿದವನ ಹಾಗೆ ನೋಡಿಕೊಳ್ಳುತ್ತಿದ್ದ. ಸಂಜೆಯಾದರೆ ಪಾದ ಊದುವುದು ಯಾಕೆ? ಎರಡೂ ಲೇಸನ್ನು ಒಂದೇ ಸಮ ಬಿಗಿದರೂ ಒಂದೇ ಬಿಚ್ಚಿಕೊಳ್ಳುವುದು ಯಾಕೆ? ಹೊಸ ಶೂ ಕಿರ್ ಕಿರ್ ಅಂದು ಊರಿಗೆಲ್ಲ ಸಾರುತ್ತದೆ, ಹಳೆಯದಾದ ಮೇಲೆ ಬಾಯಿ ಮುಚ್ಚಿಕೊಳ್ಳುತ್ತದೆ, ಯಾಕೆ? "ನೀನು ಚಪ್ಪಲಿ ಮಾರು ತಾಯಿ, ಅದರ ವಂಶಾವಳಿ ಕೇಳಬೇಡ" ಅಂತ ಓನರ್ ಕೈ ಮುಗಿಯುತ್ತಿದ್ದರು. ಆದರೂ ಅವಳನ್ನು ಬಿಡಿಸಲಿಲ್ಲ. ಪ್ರಶ್ನೆ ಕೇಳಿಸಿಕೊಂಡು ಕೂತ ಗಿರಾಕಿ ಬರಿಗೈಯಲ್ಲಿ ಎದ್ದು ಹೋಗುತ್ತಿದ್ದದ್ದು ಕಡಿಮೆ.

ಸುಮ್ಮನೆ ಕೂರುವುದು ಅವಳ ಜಾಯಮಾನದಲ್ಲೇ ಇರಲಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಕಪಾಟಿನಿಂದ ಕಪಾಟಿಗೆ ಓಡಾಡುವುದು, ತಲೆಯೊಳಗೆ ಹುಳ ಕೊರೆಯುತ್ತಲೇ ಇರುವುದು. ಮನೆಗೆ ಬಂದರೂ ಅದೇ. ಒಲೆಯ ಮುಂದೆ ನಿಂತು ನೋಡುತ್ತಿದ್ದರೆ ಉಕ್ಕದ ಹಾಲು, ಒಂದು ಕ್ಷಣ ಆಚೆ ತಿರುಗಿದರೆ ಸಾಕು, ಬುಸ್ಸನೆ ಬರುವುದು ಯಾಕೆ? ಒಬ್ಬರು ಆಕಳಿಸಿದರೆ ಪಕ್ಕದವರಿಗೂ ಬಾಯಿ ತೆರೆಯುವುದು ಯಾಕೆ?

"ನಿನಗೆ ಬಾಯಿ ಯಾಕೆ ಕೊಟ್ಟ ಅಂತ ಮೊದಲು ದೇವರನ್ನ ಕೇಳು" ಅನ್ನುತ್ತಿದ್ದರು ಅತ್ತೆ.

ಗಂಡ ಸಿಟಿ ಬಸ್ಸಿನ ಡ್ರೈವರ್. ಅವನದು ಎಲ್ಲದಕ್ಕೂ ಒಂದೇ ಉತ್ತರ, "ಹೂಂ." ಹಾಗಂತ ಅದು ತಳ್ಳಿಹಾಕುವ ಹೂಂ ಅಲ್ಲ. ಮದುವೆಯಾದ ಹೊಸತರಲ್ಲಿ ಅವನ ಬಸ್ಸಿನಲ್ಲೇ ಕೂತು ಹೋಗುವಾಗ ಅವಳು ಕೇಳಿದ್ದಳು, "ರೀ, ಹತ್ತಿರದ ಮರ ಹಿಂದಕ್ಕೆ ಓಡುತ್ತೆ, ದೂರದ ಬೆಟ್ಟ ನಿಂತಲ್ಲೇ ನಿಂತಿರುತ್ತೆ, ಯಾಕೆ?" ಹೂಂ ಅಂದಿದ್ದ. ಮಾರನೆಯ ದಿನ ಊಟದ ತಟ್ಟೆಯ ಮುಂದೆ ತಾನಾಗಿಯೇ ಹೇಳಿದ್ದ, "ಯಾಕೆ ಅಂತ ಗೊತ್ತಾಗಲಿಲ್ಲ ಕಣೇ. ಆದರೆ ಇಷ್ಟು ವರ್ಷ ಅದೇ ದಾರೀಲಿ ಹೋಗಿದ್ದೀನಿ, ಬೆಟ್ಟ ಇರೋದೇ ಕಂಡಿರಲಿಲ್ಲ. ನೀನು ಕೇಳಿದ ಮೇಲೆ ಕಂಡಿತು." ಆವತ್ತೇ ಅವಳು ಇವನ ಜೊತೆ ಬಾಳಬಹುದು ಅಂದುಕೊಂಡದ್ದು.

ಅಂಥವನು ಮೊದಲ ಬಾರಿಗೆ ಸಿಡುಕಿದ್ದು ಒಂದು ಚಪ್ಪಲಿಯ ವಿಷಯಕ್ಕೆ.

ರಜದ ದಿನ ಬಾಗಿಲ ಪಕ್ಕದ ಗೂಡು ಒರೆಸುತ್ತಿದ್ದಳು. ಗಂಡನ ಚಪ್ಪಲಿಯನ್ನು ಮಗುಚಿ ಇಟ್ಟವಳು ಮತ್ತೆ ಎತ್ತಿಕೊಂಡಳು. ಬಲಗಾಲಿನದು ಹಿಮ್ಮಡಿಯ ಹತ್ತಿರ ಸವೆದಿತ್ತು, ಜಗತ್ತಿನ ಎಲ್ಲ ಚಪ್ಪಲಿಗಳ ಹಾಗೆ. ಎಡಗಾಲಿನದು ಮಾತ್ರ ಬೆರಳಿನ ತುದಿಯಲ್ಲಿ, ಯಾರೋ ನೆಲಕ್ಕೆ ಒತ್ತಿ ಉಜ್ಜಿದ ಹಾಗೆ ತೆಳ್ಳಗಾಗಿತ್ತು.

"ರೀ, ಇದು ಯಾಕೆ ಹೀಗೆ ಸವೆದಿದೆ?"

"ರಸ್ತೆ ಸರಿ ಇಲ್ಲ."

"ರಸ್ತೆ ಎಡಗಾಲಿಗೆ ಮಾತ್ರ ಸರಿ ಇಲ್ವಾ?"

"ಒಂದು ಚಪ್ಪಲಿ ಸವೆದರೂ ಪಂಚಾಯಿತಿನಾ ಈ ಮನೇಲಿ?" ಅಂದವನೇ ಅಂಗಿ ಸಿಕ್ಕಿಸಿಕೊಂಡು ಹೊರಗೆ ಹೋದ.

ಅವನ ಹೂಂ ಎಲ್ಲಿ ಹೋಯಿತು ಅಂತ ಅವಳು ಚಪ್ಪಲಿ ಹಿಡಿದುಕೊಂಡೇ ನಿಂತಳು.

ಅಲ್ಲಿಂದ ಅವಳ ನೆಮ್ಮದಿ ಹಾರಿಹೋಯಿತು. ಮಾಲೇ ಕಳಪೆ ಇರಬೇಕು ಅಂದುಕೊಂಡು ಅಂಗಡಿಯಿಂದ ಹೊಸ ಜೋಡಿ ತಂದುಕೊಟ್ಟಳು. ಕೆಲವೇ ವಾರಗಳಲ್ಲಿ ಅದೂ ಹಾಗೇ ಆಯಿತು. ಮನೆಯ ನೆಲವೇ ಓರೆಯಾಗಿದೆಯೇನೋ ಎಂದು ಗೋಲಿ ಉರುಳಿಸಿ ನೋಡಿದಳು. ಗೋಲಿ ಇಟ್ಟಲ್ಲೇ ಕೂತಿತು. "ಈ ವಯಸ್ಸಲ್ಲಿ ಗೋಲಿ ಆಟ ಶುರು ಮಾಡಿದಳು" ಎಂದು ಅತ್ತೆ ಪಕ್ಕದ ಮನೆಯವರಿಗೆ ಕೇಳುವ ಹಾಗೆ ಹೇಳಿದರು. ಊಟದ ಚೀಲ ಎಡಗೈಯಲ್ಲಿ ಹಿಡಿಯುವುದರಿಂದ ಭಾರ ಆ ಕಡೆ ಬೀಳುತ್ತದೆಯೋ ಎಂದು ಚೀಲವನ್ನು ದಿನಾ ಬಲಗೈಗೇ ಕೊಟ್ಟಳು. ಅವನು ನಾಲ್ಕು ಹೆಜ್ಜೆ ಹೋಗಿ ಎಡಗೈಗೆ ದಾಟಿಸಿಕೊಳ್ಳುತ್ತಿದ್ದ.

ಆಮೇಲೆ ಒಂದು ಸಂಜೆ ಮೆಟ್ಟಿಲ ಮೇಲೆ ಸದ್ದು ಕೇಳಿತು. ಅವನು ಬರುವ ಸದ್ದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಈಗ ಬರುತ್ತಿದ್ದದ್ದು ಇಬ್ಬರ ಹಾಗೆ ಕೇಳಿತು. ಒಂದು ಹೆಜ್ಜೆ ಮೆತ್ತಗೆ, ಇನ್ನೊಂದು ಪಟ್ ಅಂತ, ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದ ಹಾಗೆ. ಬಾಗಿಲು ತೆರೆದರೆ ಒಬ್ಬನೇ ನಿಂತಿದ್ದ.

ಮಾರನೆಯ ದಿನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಂಗಡಿಯ ಸಾಲುಗಳ ನಡುವೆ ಅವಳು ಆ ಸದ್ದನ್ನು ಹುಡುಕುತ್ತಾ ನಡೆದಳು. ಹಿಮ್ಮಡಿ ಒತ್ತಿ ನೋಡಿದಳು, ಕುಂಟಿ ನೋಡಿದಳು, ಬರಲಿಲ್ಲ. ಕೆಲಸದ ಹುಡುಗಿಯರು ಬಾಯಿಗೆ ಕೈ ಇಟ್ಟುಕೊಂಡು ನಗುತ್ತಿದ್ದರು. ಕೊನೆಗೆ ಮುಂಗಾಲನ್ನು ಜೀವವಿಲ್ಲದ್ದರ ಹಾಗೆ ಜೋತುಬಿಟ್ಟು ಕಾಲೆತ್ತಿ ಇಟ್ಟಾಗ ಬಂತು, ಪಟ್. ತುದಿ ನೆಲಕ್ಕೆ ಉಜ್ಜಿತು.

ಅಂದರೆ ಅವನ ಪಾದ ಮೇಲೇಳುತ್ತಿಲ್ಲ. ಅದೂ ಎಡಗಾಲು. ಕ್ಲಚ್ ತುಳಿಯುವ ಕಾಲು.

ಅರ್ಧ ದಿನ ರಜ ಹಾಕಿ ಸೀದಾ ಬಸ್ ನಿಲ್ದಾಣಕ್ಕೆ ಹೋದಳು. ಅವನ ಬಸ್ಸು ಹತ್ತಿ, ಜನರ ನಡುವೆ ಮೊಣಕೈಯಲ್ಲೇ ದಾರಿ ಮಾಡಿಕೊಂಡು, ಅವನ ಕಾಲು ಕಾಣುವ ಮುಂದಿನ ಸೀಟು ಹಿಡಿದಳು. ಕನ್ನಡಿಯಲ್ಲಿ ಅವನ ಕಣ್ಣು ಒಂದು ಸಲ ಇವಳ ಮೇಲೆ ಬಿತ್ತು. ಮತ್ತೆ ಬೀಳಲಿಲ್ಲ.

ಹಳೆಯ ಬಸ್ಸು. ಡ್ರೈವರ್ ಸೀಟಿನ ಎಡಕ್ಕೆ ಎಂಜಿನ್ ಮುಚ್ಚುವ ದೊಡ್ಡ ತಗಡಿನ ಪೆಟ್ಟಿಗೆ, ಅದರ ಮೇಲೊಂದು ಹರಕು ಚಾಪೆ. ಗೇರು ಬದಲಿಸುವ ಮುನ್ನ ಪ್ರತಿ ಸಲವೂ ಅವನ ಎಡಗೈ ಕೆಳಗಿಳಿದು, ಪ್ಯಾಂಟಿನ ಬಟ್ಟೆಯನ್ನು ಮಂಡಿಯ ಹತ್ತಿರ ಹಿಡಿದು, ಕಾಲನ್ನು ಎತ್ತಿ ಪೆಡಲಿನ ಮೇಲೆ ಇಡುತ್ತಿತ್ತು. ಆಮೇಲೆ ಕೈ ಗೇರಿಗೆ. ನೋಡುವವರಿಗೆ ಬಟ್ಟೆ ಸರಿಮಾಡಿಕೊಂಡ ಹಾಗೆ ಕಾಣಬೇಕು. ಎಷ್ಟು ದಿನದಿಂದ ಇದನ್ನು ಪಳಗಿಸಿಕೊಂಡಿದ್ದಾನೋ ಅಂದುಕೊಂಡಳು. ಅವಳ ಕೈ ಮುಂದಿನ ಸರಳನ್ನು ಬಿಗಿಯಾಗಿ ಹಿಡಿದಿತ್ತು.

ಏರಿನ ಸಿಗ್ನಲ್ಲಿನಲ್ಲಿ ಬಸ್ಸು ನಿಂತಿತು. ದೀಪ ಹಸಿರಾಯಿತು. ಅವನು ಕಾಲೆತ್ತಿದ. ಚಪ್ಪಲಿಯ ತುದಿ ಪೆಡಲಿನ ಅಡಿಗೆ ಸಿಕ್ಕಿಕೊಂಡಿತು. ಬಸ್ಸು ಒಮ್ಮೆ ಜಗ್ಗಿ, ಎಂಜಿನ್ ಆರಿ, ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ಹಿಂದಿನ ಗಾಡಿಗಳು ಒಟ್ಟಿಗೆ ಹಾರ್ನ್ ಹೊಡೆದವು. ನಿಂತವರು ಒಬ್ಬರ ಮೇಲೊಬ್ಬರು ವಾಲಿದರು. "ಏನ್ರೀ, ನಿದ್ದೆ ಮಾಡ್ತಾ ಇದ್ದೀರಾ?" ಎಂದು ಯಾರೋ ಕೂಗಿದರು. ಅವನು ಹ್ಯಾಂಡ್ ಬ್ರೇಕ್ ಎಳೆದ. ಬಸ್ಸು ನಿಂತಿತು. ಕೈಯಿಂದ ಕಾಲು ಬಿಡಿಸಿಕೊಂಡು ಮತ್ತೆ ಶುರು ಮಾಡಿದ. ಅವನ ಕತ್ತಿನ ಹಿಂಭಾಗ ಬೆವೆತು ಹೊಳೆಯುತ್ತಿತ್ತು.

ಕೊನೆಯ ನಿಲ್ದಾಣದಲ್ಲಿ ಎಲ್ಲರೂ ಇಳಿದರು. ಕಂಡಕ್ಟರ್ ಟೀ ಕುಡಿಯಲು ಹೋದ. ಅವಳು ಕೂತಲ್ಲೇ ಕೂತಿದ್ದಳು. ಅವನು ಸ್ಟೇರಿಂಗ್ ಹಿಡಿದುಕೊಂಡೇ, ಮುಂದೆ ನೋಡುತ್ತಾ ಅಂದ, "ಕೇಳಲ್ವಾ?"

"ಇಲ್ಲ."

"ಏನೂ ಇಲ್ವಾ?"

"ಇಲ್ಲ."

ಅವಳು ಸುಮ್ಮನಿದ್ದದ್ದೇ ಅವನಿಗೆ ತಡೆಯಲಾಗಲಿಲ್ಲವೋ ಏನೋ, ಮಾತು ತಾನಾಗಿ ಹೊರಬಂತು. ಮೊದಮೊದಲು ಬರೀ ಜೋಮು ಹಿಡಿದಿದೆ ಅಂದುಕೊಂಡಿದ್ದನಂತೆ. ಕೊಡವಿದರೆ ಹೋಗುತ್ತೆ, ಮಲಗಿ ಎದ್ದರೆ ಹೋಗುತ್ತೆ ಅಂತ ಕಾದನಂತೆ. ಹೋಗಲಿಲ್ಲ. "ನಿನಗೆ ಹೇಳಿದರೆ ನೀನು ಯಾಕೆ ಅಂತ ಕೇಳ್ತೀಯ. ಕೇಳಿದ ಮೇಲೆ ಉತ್ತರ ಸಿಗೋವರೆಗೂ ಬಿಡೋಳಲ್ಲ. ಆ ಉತ್ತರ ಸಿಕ್ಕ ದಿನ ನಾನು ಈ ಸೀಟು ಬಿಡಬೇಕಾಗುತ್ತೆ. ನನಗೆ ಬೇರೇನು ಬರುತ್ತೆ ಹೇಳು?"

ಕಿಟಕಿಯಾಚೆ ಮುಂದಿನ ಟ್ರಿಪ್ಪಿಗೆ ಜನ ಆಗಲೇ ಸಾಲು ನಿಂತಿದ್ದರು. ಒಬ್ಬ ತಾಯಿ ಮಗುವಿನ ಮೂಗು ಒರೆಸುತ್ತಿದ್ದಳು.

"ಹೋಗಬೇಡಿ" ಅಂದಳು ಅವಳು. "ಇವತ್ತು ಜಾರಿದ್ದು ಸ್ವಲ್ಪ."

ಅವನು ಸಾಲನ್ನು ನೋಡಿದ. ಕೊನೆಗೆ ಬೀಗದ ಕೈ ಕಿತ್ತುಕೊಂಡು ಇಳಿದು ಕಂಟ್ರೋಲರ್ ಕೋಣೆಗೆ ನಡೆದ. ಬೇರೆ ಡ್ರೈವರ್ ಬರುವವರೆಗೆ ಬಸ್ಸು ಹೊರಡಲಿಲ್ಲ. ಸಾಲಿನಲ್ಲಿದ್ದವರು ಅವನನ್ನೇ ಬೈದರು. ಅವನು ಆ ಸಾಲಿನ ಮುಂದೆಯೇ, ಪಟ್ ಪಟ್ ಸದ್ದನ್ನು ಮರೆಮಾಡದೆ, ಹೆಂಡತಿಯ ಜೊತೆ ನಡೆದುಹೋದ.

ಡಾಕ್ಟರ್ ಸಿಗುವವರೆಗಿನ ದಿನಗಳು ಇದ್ದವಲ್ಲ, ಅವು ಯಾರಿಗೂ ಬೇಡ. ನೆರೆಯವರೊಬ್ಬರು ಮೆದುಳಿನದ್ದು ಅಂದರು. ಇನ್ನೊಬ್ಬರು ಲಕ್ವ ಶುರುವಾಗುವುದೇ ಹೀಗೆ ಅಂದರು. ಅವಳು ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ, ಏನು ತರಲು ಹೋದೆ ಎನ್ನುವುದೇ ಮರೆತು ಓಡಾಡಿದಳು. ಅಂಗಡಿಯಲ್ಲಿ ಗಿರಾಕಿಗೆ ಎರಡೂ ಎಡಗಾಲಿನ ಚಪ್ಪಲಿ ಕಟ್ಟಿಕೊಟ್ಟು ಕಳಿಸಿದಳು. ಅವೆಲ್ಲ ಇರಲಿ, ಜನ್ಮದಲ್ಲಿ ಒಂದು ಪ್ರಶ್ನೆ ಕೇಳದ ಅತ್ತೆ ಅವಳ ಸೆರಗು ಹಿಡಿದು ನಿಲ್ಲಿಸಿ, "ಯಾಕೇ ಹೀಗಾಯ್ತು ನನ್ನ ಮಗನಿಗೆ?" ಅಂದರಲ್ಲ, ಆಗ ಅವಳಿಗೆ ಅಳುವೇ ಬಂತು. ಬೇರೆಯವರ ಬಾಯಲ್ಲಿ ಆ ಪದ ಇಷ್ಟು ಭಾರ ಇರುತ್ತೆ ಅಂತ ಗೊತ್ತಿರಲಿಲ್ಲ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಅವಸರವಿಲ್ಲದೆ ನೋಡಿದರು. ಬೆರಳು ಮೇಲೆತ್ತಿ ಅಂದರು. ಅವನ ಹಣೆಯ ನರ ಉಬ್ಬಿತು, ಬೆರಳು ಕದಲಲಿಲ್ಲ. ಬೆನ್ನು ನೋಯುತ್ತಾ, ಕಾಲ ಮೇಲೆ ಕಾಲು ಹಾಕಿ ಕೂರೋ ಅಭ್ಯಾಸ ಇದೆಯಾ, ತುಂಬಾ ಹೊತ್ತು ಕುಕ್ಕರುಗಾಲಲ್ಲಿ ಕೂರ್ತೀರಾ ಎಂದು ಕೇಳಿದರು. ಎಲ್ಲದಕ್ಕೂ ಇಲ್ಲ ಅಂದ. ಆಮೇಲೆ ಮಂಡಿಯ ಹೊರಬದಿ, ಸ್ವಲ್ಪ ಕೆಳಗೆ, ಬೆರಳಿಂದ ತಟ್ಟಿದರು. ಅವನು ಬೆಚ್ಚಿಬಿದ್ದ. ಪಾದದವರೆಗೂ ಕರೆಂಟು ಹೊಡೆದ ಹಾಗಾಯಿತಂತೆ.

"ಇಲ್ಲಿಗೆ ದಿನಾ ಏನಾದರೂ ಒತ್ತುತ್ತಾ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

"ಎಂಜಿನ್ ಪೆಟ್ಟಿಗೆ" ಅಂದ ಅವನು. "ಅದರ ಅಂಚಿಗೆ ಮಂಡಿ ಒರಗಿಸಿಕೊಂಡೇ ಓಡಿಸೋದು. ಶುರುವಿನಿಂದಲೂ."

ಪಾದ ಎತ್ತುವ ನರ ಅದೇ ಜಾಗದಲ್ಲಿ ಚರ್ಮದ ಕೆಳಗೇ, ಮೂಳೆಗೆ ಸುತ್ತಿಕೊಂಡು ಹೋಗುತ್ತದೆ, ಅದಕ್ಕೆ ಮಾಂಸದ ಆಸರೆ ಇಲ್ಲ, ಒತ್ತಿ ಒತ್ತಿ ಅದು ಸೋತಿದೆ ಎಂದು ಅವರು ಬಿಡಿಸಿ ಹೇಳಿದರು. ನರದ ಪರೀಕ್ಷೆಯಲ್ಲೂ ಅದೇ ಬಂತು. ಮೆದುಳು ಚೆನ್ನಾಗಿದೆ, ಲಕ್ವ ಅಲ್ಲ. ಯಾಕಕ್ಕನ ಬಾಯಿಗೆ ಮತ್ತೆ ಜೀವ ಬಂತು. ನರಕ್ಕೆ ನೋವಾದರೆ ಕಾಲು ಯಾಕೆ ನೋಯಲ್ಲ, ಜೋಮು ಬಿಡುವಾಗ ಇರುವೆ ಹರಿದ ಹಾಗೆ ಯಾಕಾಗುತ್ತೆ, ಇದು ಮತ್ತೆ ಚಿಗುರುತ್ತಾ, ಚಿಗುರಿದರೆ ದಾರಿ ಹೇಗೆ ಗೊತ್ತಾಗುತ್ತೆ ಎಂದು ಒಂದರ ಮೇಲೊಂದು ಕೇಳಿದಳು. ಡಾಕ್ಟರಮ್ಮ ಕೆಲವಕ್ಕೆ ಉತ್ತರ ಕೊಟ್ಟರು. ಕೆಲವಕ್ಕೆ "ಅದು ಪೂರ್ತಿ ಯಾರಿಗೂ ಗೊತ್ತಿಲ್ಲ" ಅಂದರು. ಕೊನೆಗೆ ಅವಳು ಮೆಲ್ಲಗೆ, "ಸರಿಹೋಗುತ್ತಾ?" ಅಂದಳು.

"ಹೋಗಬಹುದು. ಹೋಗದೆಯೂ ಇರಬಹುದು. ನರ ಬಹಳ ನಿಧಾನ, ಅದಕ್ಕೆ ಆತುರ ಗೊತ್ತಿಲ್ಲ."

ಆತುರವನ್ನೇ ಉಸಿರಾಡುವವಳಿಗೆ ಹೇಳುವ ಮಾತೇ ಅದು! ಅವನ ಕಾಲಿಗೆ ಪಾದ ಎತ್ತಿಹಿಡಿಯುವ ಪಟ್ಟಿ ಬಂತು. ಕಚೇರಿಯವರು ಅವನನ್ನು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂರಿಸಿದರು, ಯಾವ ಬಸ್ಸು ಎಲ್ಲಿಗೆ ಎಂದು ಕೂಗಲು. ಹೂಂ ಬಿಟ್ಟರೆ ಮಾತಿಲ್ಲದ ಮನುಷ್ಯ. ಏನೂ ಕೇಳಿಸಲ್ಲ ಎಂದು ಜನ ದೂರು ಕೊಟ್ಟರು. ಸಂಜೆ ಮುಖ ಗಂಟು ಹಾಕಿಕೊಂಡು ಮನೆಗೆ ಬಂದರೆ ಬಾಗಿಲಲ್ಲೇ ಹೆಂಡತಿ, "ಇವತ್ತು ಬೆರಳು ಅಲ್ಲಾಡಿತಾ?"

ಒಂದು ದಿನ ಅವನು ರೇಗಿಬಿಟ್ಟ. "ಮಾರಾಯ್ತಿ, ಕಾಲು ನನ್ನದು! ಅಲ್ಲಾಡಿದರೆ ಮೊದಲು ನನಗೇ ಗೊತ್ತಾಗುತ್ತೆ!"

ಅಂದಿನಿಂದ ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಕಣ್ಣಿಗೆ ಹಾಕಲಾಗಲಿಲ್ಲ. ಅವನು ಕೂತರೆ ಕಾಲು, ಮಲಗಿದರೆ ಕಾಲು.

ಆದರೂ ಮೊದಲು ಕಂಡವರು ಅತ್ತೆ. ಅವನು ಪಟ್ಟಿ ಬಿಚ್ಚಿ ಕಾಲು ಚಾಚಿಕೊಂಡು ಪೇಪರ್ ಓದುತ್ತಿದ್ದ. ಒಂದು ನೊಣ ಬಂದು ಎಡ ಹೆಬ್ಬೆರಳ ಮೇಲೆ ಕೂತಿತು. ಅವನು ಪೇಪರಿನಿಂದ ಕಣ್ಣೆತ್ತದೆ ಬೆರಳು ಕೊಡವಿದ. ತರಕಾರಿ ಹೆಚ್ಚುತ್ತಿದ್ದ ಅತ್ತೆ ಚಾಕು ಬಿಸಾಕಿ, "ಅಯ್ಯೋ, ಅಲ್ಲಾಡಿತು ಕಣೇ! ಬಾರೇ ಬೇಗ!" ಎಂದು ಕಿರುಚಿದರು. ಅವಳು ಕೈಯ ನೊರೆಯೂ ತೊಳೆಯದೆ ಓಡಿಬಂದಳು. ಮೂವರೂ ಸುತ್ತ ಕೂತು ಬೆರಳನ್ನೇ ನೋಡಿದರು. ಅದು ಕದಲಲಿಲ್ಲ. "ಎತ್ತಿ ನೋಡ್ರೀ" ಅಂದಳು. ಆಗಲಿಲ್ಲ. "ನೊಣ ಎಲ್ಲಿ ಹೋಯಿತು?" ಅಂದರು ಅತ್ತೆ. ನೊಣ ಓಡಿಸುವುದರಲ್ಲಿ ಹೆಸರಾದ ಆ ಹೆಂಗಸು ಕಿಟಕಿ ಬಾಗಿಲು ಎಲ್ಲ ತೆರೆದಿಟ್ಟು, ಬೆಲ್ಲದ ಚೂರೊಂದನ್ನು ಮಗನ ಪಾದದ ಪಕ್ಕ ಇಟ್ಟು ಕಾದರು. ಅವನಿಗೆ ನಗು ತಡೆಯಲಾಗಲಿಲ್ಲ. ನಗುತ್ತಾ ನಗುತ್ತಾ ಬೆರಳು ಮತ್ತೊಮ್ಮೆ, ಕೂದಲೆಳೆಯಷ್ಟು, ಮೇಲೆದ್ದಿತು.

ಆಮೇಲೂ ಬಹಳ ತಿಂಗಳು ಹಿಡಿಯಿತು. ಬೆರಳಾದ ಮೇಲೆ ಪಾದ, ಅದೂ ಒಂದು ದಿನ ಮುಂದೆ, ಎರಡು ದಿನ ಹಿಂದೆ. ಪೂರ್ತಿ ಮೊದಲಿನ ಹಾಗೆ ಆಗಲಿಲ್ಲ. ದಣಿದರೆ ಈಗಲೂ ಸ್ವಲ್ಪ ಎಳೆಯುತ್ತದೆ. ಆದರೆ ಕಚೇರಿಯವರ ಪರೀಕ್ಷೆಯಲ್ಲಿ ಪಾಸಾದ. ಎಂಜಿನ್ ಹಿಂದಕ್ಕಿರುವ ಬಸ್ಸೊಂದನ್ನು ಅವನಿಗೆ ಕೊಡುತ್ತೇವೆ ಅಂದರು.

ಅದಕ್ಕೆ ಮುನ್ನ ಡಾಕ್ಟರಮ್ಮನಿಗೆ ಕೊನೆಯ ಸಲ ತೋರಿಸಿ ಇಬ್ಬರೂ ಆಸ್ಪತ್ರೆಯಿಂದ ಹೊರಬಂದರು. ನಿಲ್ದಾಣ ರಸ್ತೆಯ ತುದಿಯಲ್ಲಿತ್ತು, ಅವರ ಮನೆ ಕಡೆ ಹೋಗುವ ಬಸ್ಸು ಹೊಗೆ ಬಿಡುತ್ತಾ ನಿಂತಿತ್ತು. ಅವನು ಚೀಲ ಬಗಲಿಗೆ ಹಾಕಿಕೊಂಡು ಬಿರಬಿರನೆ ನಡೆದ. ಅವಳು ಹಿಂದೆ ಬಿದ್ದಳು. ಉಸಿರು ಹತ್ತಿತು.

"ರೀ, ಸ್ವಲ್ಪ ನಿಲ್ರೀ! ಯಾಕಿಷ್ಟು ಅವಸರ?"

"ಹೊರಟುಬಿಡ್ತಾನೆ ಅವನು, ನನಗೆ ಗೊತ್ತು ಡ್ರೈವರ್‌ಗಳ ಬುದ್ಧಿ" ಎಂದು ಅವನು ತಿರುಗಿ ನೋಡದೆಯೇ ಕೂಗಿದ. "ಓಡು, ಓಡು!"

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದಳು.